ವರ್ಕರ್ಸ್ ಕಾಂಪ್ ಸೆಟ್ಲ್‌ಮೆಂಟ್ ಆದ ಮೇಲೆ ಔಷಧಿಯ ಬಿಲ್ ಕಟ್ಟುವುದು ಹೇಗೆ

ಅಮೆರಿಕದಲ್ಲಿ ಕೆಲಸದ ವೇಳೆ ಗಾಯಗೊಂಡವರಿಗೆ ಚಿಕಿತ್ಸೆ, ಪರಿಹಾರ ಕೊಡಿಸುವ ವ್ಯವಸ್ಥೆಗೆ ವರ್ಕರ್ಸ್ ಕಾಂಪ್ ಎನ್ನುತ್ತಾರೆ. ಅದರ ಕ್ಲೇಮ್ ತೆರೆದಿರುವವರೆಗೆ ಔಷಧಿಯ ಖರ್ಚಿನ ಚಿಂತೆ ಹೆಚ್ಚಾಗಿ ಇರುವುದಿಲ್ಲ. ಇನ್ಶೂರೆನ್ಸ್ ಕಂಪನಿ ಕೊಟ್ಟ ಫಾರ್ಮಸಿ ಕಾರ್ಡ್ ತೋರಿಸಿದರೆ ಮಾತ್ರೆ ಕೈಗೆ ಬರುತ್ತದೆ. ವೈದ್ಯಕೀಯ ವೆಚ್ಚವನ್ನೂ ಸೇರಿಸಿ ಸೆಟ್ಲ್‌ಮೆಂಟ್, ಅಂದರೆ ಹಣ ಪಡೆದು ಕ್ಲೇಮ್ ಮುಗಿಸುವ ಒಪ್ಪಂದ, ಮಾಡಿಕೊಂಡರೆ ಆ ಕಾರ್ಡ್ ನಿಂತುಹೋಗುತ್ತದೆ. ಅಲ್ಲಿಂದಾಚೆ ಗಾಯಕ್ಕೆ ಸಂಬಂಧಪಟ್ಟ ಪ್ರತಿ ಔಷಧಿಗೂ ಹಣ ಕೊಡಬೇಕಾದವರು ನೀವೇ. ಯಾವ ಖಾತೆಯಿಂದ ಕೊಟ್ಟಿರಿ, ಯಾವ ರಸೀದಿ ಇಟ್ಟಿರಿ ಎಂಬುದನ್ನು ನೋಡಿಯೇ, ಹಿರಿಯರಿಗೂ ಅಂಗವಿಕಲರಿಗೂ ಇರುವ ಸರ್ಕಾರಿ ವಿಮೆಯಾದ ಮೆಡಿಕೇರ್ ಮುಂದೊಂದು ದಿನ ನಿಮ್ಮ ಬಿಲ್ ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ.

ಮೊದಲ ಕೆಲಸ, ಒಪ್ಪಂದವನ್ನು ಸಾವಕಾಶವಾಗಿ ಓದುವುದು. ವರ್ಕರ್ಸ್ ಕಾಂಪ್ ಆಯಾ ರಾಜ್ಯದ ಕಾನೂನು. ಹೆಸರುಗಳು ಬೇರೆಬೇರೆ ಇದ್ದರೂ ಬಗೆಗಳು ಮುಖ್ಯವಾಗಿ ಎರಡು. ಒಂದರಲ್ಲಿ ಅಂಗವೈಕಲ್ಯದ ಪರಿಹಾರ ಮಾತ್ರ ಇತ್ಯರ್ಥವಾಗಿ, ಚಿಕಿತ್ಸೆಯ ಹೊಣೆ ಇನ್ಶೂರೆನ್ಸ್ ಕಂಪನಿಯ ಮೇಲೇ ಉಳಿಯುತ್ತದೆ. ಇನ್ನೊಂದರಲ್ಲಿ ಎಲ್ಲವೂ ಒಮ್ಮೆಗೇ ಮುಗಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಎರಡನೆಯದಕ್ಕೆ ಕಾಂಪ್ರಮೈಸ್ ಅಂಡ್ ರಿಲೀಸ್ ಎನ್ನುತ್ತಾರೆ. ಭವಿಷ್ಯದ ಚಿಕಿತ್ಸೆಯನ್ನು ಉಳಿಸಿಕೊಳ್ಳುವ ಒಪ್ಪಂದಕ್ಕೆ ಅಲ್ಲಿ ಸ್ಟಿಪ್ಯುಲೇಷನ್ ಎಂಬ ಹೆಸರಿದೆ. ನಿಮ್ಮದು ಮೊದಲ ಬಗೆಯಾದರೆ ಕಾರ್ಡ್ ಬಳಸುತ್ತಲೇ ಇರಬಹುದು, ಈ ಬರಹದ ಬಹುಭಾಗ ನಿಮಗೆ ಬೇಕಾಗದು. ಎರಡನೆಯದಾದರೆ ಮುಂದೆ ಓದಿ.

ಕಾರ್ಡ್ ನಿಲ್ಲುವ ಮೊದಲು

ಸೆಟ್ಲ್‌ಮೆಂಟ್‌ಗೆ ಒಪ್ಪಿಗೆ ಸಿಕ್ಕ ದಿನಕ್ಕೂ ಚೆಕ್ ಕೈಸೇರುವ ದಿನಕ್ಕೂ ನಡುವೆ ಕೆಲವು ವಾರಗಳು ಹೋಗಬಹುದು. ಕಾರ್ಡ್ ಮಾತ್ರ ಚೆಕ್ ಬರುವವರೆಗೆ ಕಾಯುವುದಿಲ್ಲ. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಈ ಸಂದಿನಲ್ಲೇ. ಕಾರ್ಡ್ ಯಾವ ತಾರೀಕಿನವರೆಗೆ ನಡೆಯುತ್ತದೆ ಎಂದು ಇನ್ಶೂರೆನ್ಸ್ ಕಂಪನಿಯಲ್ಲಿ ನಿಮ್ಮ ಕ್ಲೇಮ್ ನೋಡಿಕೊಳ್ಳುವ ಅಡ್ಜಸ್ಟರ್‌ರಿಂದ ಬರಹದಲ್ಲಿ ಕೇಳಿ ಪಡೆಯಿರಿ, ಅದರೊಳಗೆ ಎಲ್ಲ ರೀಫಿಲ್‌ಗಳನ್ನೂ ತೆಗೆದುಕೊಳ್ಳಿ. ಇದು ಹಣದ ಮಾತಷ್ಟೇ ಅಲ್ಲ. ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್ ಅನ್ನು ತಟ್ಟನೆ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರುವ ಅಪಾಯವಿದೆ. ನರನೋವಿನ ಗ್ಯಾಬಪೆಂಟಿನ್, ಡುಲೋಕ್ಸೆಟಿನ್, ಅಫೀಮು ಬಗೆಯ ನೋವುನಿವಾರಕಗಳಾದ ಓಪಿಯಾಯ್ಡ್, ಆತಂಕ ತಗ್ಗಿಸುವ ಬೆಂಜೋಡಯಜೆಪಿನ್ ಇವುಗಳನ್ನೂ ವೈದ್ಯರು ಹಂತಹಂತವಾಗಿ ಇಳಿಸಬೇಕೇ ಹೊರತು ಕಾರ್ಡ್ ನಡೆಯಲಿಲ್ಲವೆಂದು ಬಿಡುವಂತಿಲ್ಲ.

ಜೊತೆಗೇ ಒಂದು ಪಟ್ಟಿ ಮಾಡಿಕೊಳ್ಳಿ. ಔಷಧಿಯ ಹೆಸರು, ಮಿಲಿಗ್ರಾಂ, ದಿನಕ್ಕೆ ಎಷ್ಟು, ಬರೆದುಕೊಟ್ಟ ವೈದ್ಯರು, ಯಾವ ತೊಂದರೆಗೆ ಎಂಬಿಷ್ಟು ಸಾಕು. ಕೊನೆಯ ಅಂಕಣವೇ ಮುಂದೆ ಹೆಚ್ಚು ಉಪಯೋಗಕ್ಕೆ ಬರುವುದು. ಕಂಪನಿ ಈವರೆಗೆ ಕೊಟ್ಟ ಔಷಧಿಗಳ ಪಾವತಿ ಪಟ್ಟಿಯ ಪ್ರತಿಯನ್ನೂ ಕೇಳಿ. ಕ್ಲೇಮ್ ಮುಚ್ಚಿದ ಮೇಲೆ ಅದನ್ನು ಪಡೆಯುವುದು ಕಷ್ಟ.

ಇನ್ನೂ ಸಹಿ ಹಾಕದವರು ವೈದ್ಯರ ದಾಖಲೆಗಳತ್ತ ಗಮನ ಕೊಡಬೇಕು. ಭವಿಷ್ಯದ ಔಷಧಿವೆಚ್ಚವನ್ನು ಲೆಕ್ಕ ಹಾಕುವಾಗ ಮೆಡಿಕೇರ್ ನಡೆಸುವ ಸಿಎಂಎಸ್ ಸಂಸ್ಥೆ ನೋಡುವುದು ಕೊನೆಯ ಎರಡು ವರ್ಷಗಳ ಚಿಕಿತ್ಸೆ ಹಾಗೂ ಫಾರ್ಮಸಿ ದಾಖಲೆಗಳನ್ನು. ನೀವು ಬಿಟ್ಟುಬಿಟ್ಟ ಔಷಧಿ ದಾಖಲೆಯಲ್ಲಿ ಇನ್ನೂ ಜೀವಂತವಾಗಿದ್ದರೆ ಅದಕ್ಕೂ ಆಯುಷ್ಯಪೂರ್ತಿ ಲೆಕ್ಕ ಬೀಳುತ್ತದೆ, ಒಪ್ಪಂದವೇ ಅಲ್ಲಿ ನಿಂತುಹೋಗಬಹುದು. ನಿಜವಾಗಿ ತೆಗೆದುಕೊಳ್ಳುತ್ತಿರುವ ಔಷಧಿ ದಾಖಲೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಹಣವೇ ಇಡುವುದಿಲ್ಲ, ನಷ್ಟ ನಿಮ್ಮದು. ಬಿಟ್ಟಿದ್ದನ್ನು ಬಿಟ್ಟಿದ್ದಾರೆಂದೂ ಜನರಿಕ್‌ಗೆ ಬದಲಾಗಿದ್ದನ್ನು ಬದಲಾಗಿದೆಯೆಂದೂ ವೈದ್ಯರು ಸ್ಪಷ್ಟವಾಗಿ ಬರೆಯುವಂತೆ ಕೇಳಿಕೊಳ್ಳಿ. ಸೆಟ್ಲ್‌ಮೆಂಟ್ ಆದ ಮೇಲೆ ಈ ಲೆಕ್ಕವನ್ನು ತಿದ್ದಿಸಲು ದಾರಿಯಿಲ್ಲ.

ಸೆಟ್-ಅಸೈಡ್ ಎಂಬ ಬೇರೆ ಖಾತೆ

1980ರಲ್ಲಿ ಬಂದ ಕಾನೂನಿನ ಪ್ರಕಾರ, ಬೇರೆಯವರು ಕೊಡಬೇಕಾದ ವೆಚ್ಚಕ್ಕೆ ಮೆಡಿಕೇರ್ ಎರಡನೆಯ ಪಾವತಿದಾರ ಮಾತ್ರ. ನಿಮ್ಮ ಗಾಯದ ಭವಿಷ್ಯದ ಚಿಕಿತ್ಸೆಗೆಂದು ಹಣ ಪಡೆದಿದ್ದೀರಿ, ಆದ್ದರಿಂದ ಆ ಹಣ ಮುಗಿಯುವವರೆಗೆ ಮೆಡಿಕೇರ್ ಕೈಹಾಕುವುದಿಲ್ಲ. ಹೀಗೆ ಬೇರೆ ತೆಗೆದಿಡುವ ಮೊತ್ತವೇ ಮೆಡಿಕೇರ್ ಸೆಟ್-ಅಸೈಡ್, ಚಿಕ್ಕದಾಗಿ ಎಂಎಸ್‌ಎ. 2006ರ ಜನವರಿಯಲ್ಲಿ ಪಾರ್ಟ್ ಡಿ ಎಂಬ ಔಷಧಿ ವಿಮೆ ಶುರುವಾಗಿ ಮೆಡಿಕೇರ್ ಔಷಧಿಗೂ ಹಣ ಕೊಡತೊಡಗಿದ ಮೇಲೆ ಈ ಖಾತೆಗಳಲ್ಲಿ ಔಷಧಿಯ ಪಾಲೂ ಸೇರಿತು. ಎಷ್ಟೋ ಖಾತೆಗಳಲ್ಲಿ ದೊಡ್ಡ ಪಾಲು ಅದೇ.

ಎಲ್ಲ ಒಪ್ಪಂದಗಳನ್ನೂ ಸಿಎಂಎಸ್ ಪರಿಶೀಲಿಸುವುದಿಲ್ಲ. ನೀವು ಈಗಾಗಲೇ ಮೆಡಿಕೇರ್‌ನಲ್ಲಿದ್ದು ಒಟ್ಟು ಸೆಟ್ಲ್‌ಮೆಂಟ್ 25,000 ಡಾಲರ್ ದಾಟಿದರೆ, ಅಥವಾ 30 ತಿಂಗಳೊಳಗೆ ಮೆಡಿಕೇರ್ ಸೇರುವ ಸಾಧ್ಯತೆಯಿದ್ದು ಮೊತ್ತ 2,50,000 ಡಾಲರ್ ದಾಟಿದರೆ ಮಾತ್ರ ಪರಿಶೀಲನೆ. ಸೋಶಿಯಲ್ ಸೆಕ್ಯುರಿಟಿ ಅಂಗವೈಕಲ್ಯ ಭತ್ಯೆಗೆ ಅರ್ಜಿ ಹಾಕಿದ್ದರೆ, ತಿರಸ್ಕೃತವಾಗಿ ಮೇಲ್ಮನವಿ ಸಲ್ಲಿಸುವ ಯೋಚನೆಯಿದ್ದರೆ, ವಯಸ್ಸು ಅರವತ್ತೆರಡೂವರೆ ಆಗಿದ್ದರೆ ಅಂಥ ಸಾಧ್ಯತೆ ಇದೆಯೆಂದೇ ಲೆಕ್ಕ. ಆದರೆ ಈ ಮಿತಿಗಳು ಸಿಎಂಎಸ್‌ನ ಕೆಲಸದ ಹೊರೆ ಕಡಿಮೆ ಮಾಡಲು ಹಾಕಿದವು. ಮಿತಿಗಿಂತ ಕೆಳಗಿದ್ದೇನೆ, ನನಗೆ ಮೆಡಿಕೇರ್‌ನ ಹಂಗಿಲ್ಲ ಎಂದುಕೊಳ್ಳುವುದು ತಪ್ಪು. ಮಿತಿ ದಾಟಿದ್ದರೂ ಸಿಎಂಎಸ್‌ಗೆ ಕಳಿಸದೆ ಚಿಕ್ಕ ಮೊತ್ತದ ಎಂಎಸ್‌ಎ ಮಾಡಿಕೊಂಡರೆ ಇನ್ನೊಂದು ಅಪಾಯವಿದೆ. ವಕೀಲರ ಶುಲ್ಕದಂಥ ಖರ್ಚು ಕಳೆದು ಉಳಿದ ಇಡೀ ಸೆಟ್ಲ್‌ಮೆಂಟ್ ಹಣ ಗಾಯದ ಚಿಕಿತ್ಸೆಗೇ ಮುಗಿದಿದೆಯೆಂದು ತೋರಿಸುವವರೆಗೆ ಬಿಲ್ ತಿರಸ್ಕರಿಸಬಹುದು ಎಂದು ಸಿಎಂಎಸ್ ತನ್ನ ಕೈಪಿಡಿಯಲ್ಲಿ 2022ರಿಂದ ಹೇಳುತ್ತಿದೆ.

ಸಿಎಂಎಸ್ ಒಪ್ಪಿಗೆ ಪತ್ರ ಕೈಯಲ್ಲಿದ್ದರೂ ಒಂದು ಹೆಜ್ಜೆ ಬಾಕಿ ಇರುತ್ತದೆ. ಎಲ್ಲರ ಸಹಿಯಿರುವ ಅಂತಿಮ ಒಪ್ಪಂದದ ಪ್ರತಿ ತಲುಪಿದ ಮೇಲಷ್ಟೇ ಆ ಒಪ್ಪಿಗೆ ಜಾರಿಗೆ ಬರುವುದು. ಕಳಿಸಿದ್ದಾರೆಯೇ ಎಂದು ವಕೀಲರನ್ನು ಕೇಳಿ, ಕಳಿಸಿದ ದಾಖಲೆಯ ಪ್ರತಿ ತೆಗೆದುಕೊಳ್ಳಿ.

ಹಣ ಒಂದೇ ಗಂಟಾಗಿ ಬರಬಹುದು, ಇಲ್ಲವೇ ಮೊದಲು ಒಂದು ದೊಡ್ಡ ಮೊತ್ತ ಬಂದು ಆಮೇಲೆ ವರ್ಷಕ್ಕೊಂದು ಕಂತು ಬರಬಹುದು. ಹೇಗೆ ಬಂದರೂ ಅದಕ್ಕೆಂದೇ ಬಡ್ಡಿ ಬರುವ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಠೇವಣಿಗೆ ಎಫ್‌ಡಿಐಸಿ ಎಂಬ ಸರ್ಕಾರಿ ಸಂಸ್ಥೆಯ ವಿಮೆ ಇರುವ ಬ್ಯಾಂಕೇ ಆಗಲಿ. ಒಂದು ಬ್ಯಾಂಕಿನಲ್ಲಿ ಒಬ್ಬ ಖಾತೆದಾರನಿಗೆ 2,50,000 ಡಾಲರ್‌ವರೆಗೆ ಮಾತ್ರ ಆ ರಕ್ಷಣೆ, ಅದಕ್ಕಿಂತ ಹೆಚ್ಚಿದ್ದರೆ ಎರಡು ಬ್ಯಾಂಕುಗಳಲ್ಲಿ ಇಡಿ. ಸಂಬಳ, ಬಾಡಿಗೆ, ಮನೆಖರ್ಚು ಯಾವುದೂ ಈ ಖಾತೆಯ ಹತ್ತಿರ ಸುಳಿಯಬಾರದು. ವರ್ಕರ್ಸ್ ಕಾಂಪ್ ಪರಿಹಾರಕ್ಕೆ ಫೆಡರಲ್ ಆದಾಯ ತೆರಿಗೆ ಇಲ್ಲ. ಖಾತೆಯ ಬಡ್ಡಿಗೆ ಮಾತ್ರ ಇದೆ, ಆ ತೆರಿಗೆಯನ್ನು ಇದೇ ಖಾತೆಯಿಂದ ಕಟ್ಟಬಹುದು.

ಫಾರ್ಮಸಿ ಕೌಂಟರ್‌ನಲ್ಲಿ

ಎಡವಟ್ಟುಗಳು ಹೆಚ್ಚು ನಡೆಯುವ ಜಾಗ ಇದು. ಫಾರ್ಮಸಿಯ ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಪಾರ್ಟ್ ಡಿ ಯೋಜನೆ ದಾಖಲಾಗಿರುತ್ತದೆ. ಏನನ್ನೂ ಹೇಳದೆ ಪ್ರಿಸ್ಕ್ರಿಪ್ಷನ್ ಕೊಟ್ಟರೆ ಎಲ್ಲ ಔಷಧಿಗಳೂ ಅದಕ್ಕೇ ಹೋಗುತ್ತವೆ. ಎರಡರಲ್ಲಿ ಒಂದು ಆಗುತ್ತದೆ. ಎಂಎಸ್‌ಎ ಇರುವ ಮಾಹಿತಿ ತಲುಪಿದ್ದರೆ ಯೋಜನೆ ಕ್ಲೇಮನ್ನು ತಿರಸ್ಕರಿಸುತ್ತದೆ, ನೀವು ಕೌಂಟರ್‌ನಲ್ಲಿ ನಿಂತುಬಿಡುತ್ತೀರಿ. ತಲುಪದಿದ್ದರೆ ಹಣ ಕೊಟ್ಟುಬಿಡುತ್ತದೆ, ಆಮೇಲೆ ಅದನ್ನು ಹಿಂದಿರುಗಿಸಿ ಎಂದು ಪತ್ರ ಬರುತ್ತದೆ. ಎರಡನೆಯದೇ ಹೆಚ್ಚು ಕಷ್ಟದ್ದು, ಏಕೆಂದರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ಸಲ ಹೋದಾಗಲೇ ಫಾರ್ಮಸಿಸ್ಟ್ ಜೊತೆ ಐದು ನಿಮಿಷ ಮಾತಾಡಿ. ಸಿಎಂಎಸ್ ಪತ್ರದ ಪ್ರತಿ ಮತ್ತು ನಿಮ್ಮ ಔಷಧಿಪಟ್ಟಿ ತೋರಿಸಿ ಹೀಗೆ ಹೇಳಿದರೆ ಸಾಕು: ಈ ನಾಲ್ಕು ಔಷಧಿಗಳು ಕೆಲಸದ ಗಾಯಕ್ಕೆ, ಇವುಗಳನ್ನು ಪಾರ್ಟ್ ಡಿಗೆ ಕಳಿಸಬೇಡಿ, ನಾನೇ ಈ ಖಾತೆಯ ಕಾರ್ಡ್‌ನಿಂದ ಕೊಡುತ್ತೇನೆ; ರಕ್ತದೊತ್ತಡದ್ದು, ಥೈರಾಯ್ಡ್‌ದು ಎಂದಿನಂತೆ ಪಾರ್ಟ್ ಡಿಗೆ. ಇದನ್ನು ನಿಮ್ಮ ಪ್ರೊಫೈಲ್‌ನಲ್ಲಿ ಟಿಪ್ಪಣಿಯಾಗಿ ಬರೆಸಿ. ಎರಡು ಬಗೆಯ ಔಷಧಿಗಳಿಗೂ ಬೇರೆಬೇರೆ ರಸೀದಿ ಕೇಳಿ. ಒಂದೇ ರಸೀದಿಯಲ್ಲಿ ನೋವಿನ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ಶಾಂಪೂ ಮೂರೂ ಇದ್ದರೆ ವರ್ಷದ ಕೊನೆಯ ಲೆಕ್ಕ ಗೋಜಲಾಗುತ್ತದೆ. ತಪ್ಪಾಗಿ ಪಾರ್ಟ್ ಡಿಗೆ ಹೋದದ್ದು ಕೆಲವೇ ದಿನಗಳೊಳಗೆ ಕಣ್ಣಿಗೆ ಬಿದ್ದರೆ ಫಾರ್ಮಸಿಯೇ ಕ್ಲೇಮನ್ನು ರದ್ದು ಮಾಡಿ ಮತ್ತೆ ಬಿಲ್ ಮಾಡಬಹುದು. ತಡವಾಗಿದ್ದರೆ ಪಾರ್ಟ್ ಡಿ ಯೋಜನೆಗೆ ನೀವೇ ಕರೆ ಮಾಡಿ ತಿಳಿಸಿ. ಪತ್ರ ಬರಲೆಂದು ಕಾಯಬೇಡಿ.

ಒಂದೇ ಔಷಧಿ ಎರಡು ಕಾರಣಕ್ಕೆ ಬಳಕೆಯಾಗುವಾಗ ಗೊಂದಲ ಹೆಚ್ಚು. ಡುಲೋಕ್ಸೆಟಿನ್ ಬೆನ್ನುನೋವಿಗೂ ಆಗುತ್ತದೆ, ಖಿನ್ನತೆಗೂ ಆಗುತ್ತದೆ. ಬೆನ್ನುನೋವು ಕ್ಲೇಮ್‌ನಲ್ಲಿದ್ದು ಖಿನ್ನತೆ ಇಲ್ಲದಿದ್ದರೆ, ಯಾವುದಕ್ಕೆ ಬರೆದದ್ದು ಎಂಬುದೇ ಯಾರು ಹಣ ಕೊಡಬೇಕೆಂಬುದನ್ನು ನಿರ್ಧರಿಸುತ್ತದೆ. ಪ್ರಿಸ್ಕ್ರಿಪ್ಷನ್ ಮೇಲೆಯೇ ರೋಗನಿರ್ಣಯದ ಕೋಡ್ ಹಾಕುವಂತೆ ವೈದ್ಯರನ್ನು ಕೇಳಿ. ನೋವಿನ ಮಾತ್ರೆಯಿಂದ ಹೊಟ್ಟೆ ಕೆಟ್ಟು ಪ್ರಿಸ್ಕ್ರಿಪ್ಷನ್ ಒಮೆಪ್ರಜೋಲ್ ಬರೆದರೆ, ಅದು ಗಾಯದ ಚಿಕಿತ್ಸೆಯ ಅಡ್ಡಪರಿಣಾಮಕ್ಕೆ ಎಂದು ವೈದ್ಯರ ಟಿಪ್ಪಣಿಯಲ್ಲಿ ಇರಬೇಕು.

ಓಪಿಯಾಯ್ಡ್ ತೆಗೆದುಕೊಳ್ಳುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಇನ್ಶೂರೆನ್ಸ್ ಇದ್ದೂ ಅದನ್ನು ಬಳಸದೆ ಕೈಯಿಂದ ಹಣ ಕೊಟ್ಟು ಆಕ್ಸಿಕೋಡೋನ್ ಕೇಳುವುದು ಫಾರ್ಮಸಿಸ್ಟ್ ಕಣ್ಣಿಗೆ ಅನುಮಾನದ ಗುರುತು. ನಿಯಂತ್ರಿತ ಔಷಧಿ ನ್ಯಾಯವಾದ ವೈದ್ಯಕೀಯ ಉದ್ದೇಶಕ್ಕೇ ಹೋಗುತ್ತಿದೆ ಎಂದು ಖಚಿತಪಡಿಸಿಕೊಳ್ಳುವ ಕಾನೂನಿನ ಹೊಣೆ ಅವರ ಮೇಲೂ ಇದೆ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಎಂಎಸ್‌ಎ ಪತ್ರ ತೋರಿಸಿ, ನಗದಿನ ಬದಲು ಆ ಖಾತೆಯ ಡೆಬಿಟ್ ಕಾರ್ಡ್ ಬಳಸಿ, ಒಬ್ಬರೇ ವೈದ್ಯರು ಒಂದೇ ಫಾರ್ಮಸಿ ಎಂಬ ಕ್ರಮ ಇಟ್ಟುಕೊಳ್ಳಿ. ನಿಯಂತ್ರಿತ ಔಷಧಿಗಳನ್ನು ಶೆಡ್ಯೂಲ್ ಎಂಬ ವರ್ಗಗಳಾಗಿ ವಿಂಗಡಿಸಿದ್ದಾರೆ. ಆಕ್ಸಿಕೋಡೋನ್, ಹೈಡ್ರೊಕೋಡೋನ್‌ಗಳಂಥ ಶೆಡ್ಯೂಲ್ 2 ಔಷಧಿಗಳಿಗೆ ರೀಫಿಲ್ ಇಲ್ಲ, ಪ್ರತಿ ಸಲ ಹೊಸ ಪ್ರಿಸ್ಕ್ರಿಪ್ಷನ್ ಬೇಕು. ಟ್ರಮಡಾಲ್ ಶೆಡ್ಯೂಲ್ 4, ಆರು ತಿಂಗಳಲ್ಲಿ ಐದು ರೀಫಿಲ್‌ವರೆಗೆ ಅವಕಾಶ. ವೈದ್ಯರ ಭೇಟಿಯ ಖರ್ಚನ್ನೂ ಇದಕ್ಕೆ ತಕ್ಕಂತೆ ಲೆಕ್ಕಕ್ಕೆ ಸೇರಿಸಿ.

ಈ ಖಾತೆಯಿಂದ ಯಾವುದಕ್ಕೆ ಕೊಡಬಾರದು

ನಿಯಮಕ್ಕೆ ಎರಡು ಭಾಗ, ಎರಡೂ ಕೂಡಿಬರಬೇಕು. ಔಷಧಿ ಕ್ಲೇಮ್‌ನ ಗಾಯಕ್ಕೆ ಸಂಬಂಧಿಸಿರಬೇಕು, ಮೆಡಿಕೇರ್ ಹಣ ಕೊಡುವ ಬಗೆಯದೂ ಆಗಿರಬೇಕು. ಎರಡನೆಯದನ್ನು ಮರೆತು ಖರ್ಚು ಮಾಡುವವರು ಬಹಳ. ಪ್ರಿಸ್ಕ್ರಿಪ್ಷನ್ ಇಲ್ಲದೆ ಸಿಗುವ 200 ಮಿಲಿಗ್ರಾಂ ಐಬುಪ್ರೊಫೆನ್‌ಗೆ ಈ ಖಾತೆ ಸಲ್ಲದು. ವೈದ್ಯರು ಬರೆದ 800 ಮಿಲಿಗ್ರಾಂ ಮಾತ್ರೆಗೆ ಸಲ್ಲುತ್ತದೆ. ಓಪಿಯಾಯ್ಡ್‌ನಿಂದ ಬರುವ ಮಲಬದ್ಧತೆಗೆ ಅಂಗಡಿಯಲ್ಲಿ ಕೊಳ್ಳುವ ಸೆನ್ನಾ, ಸಾಮಾನ್ಯ ವಿಟಮಿನ್‌ಗಳು, ತೂಕ ಇಳಿಸುವ ಸಲುವಾಗಿ ಮಾತ್ರ ಬರೆದ ಔಷಧಿ, ಲೈಂಗಿಕ ದೌರ್ಬಲ್ಯದ ಮಾತ್ರೆ ಇವೆಲ್ಲ ಸ್ವಂತ ಜೇಬಿನಿಂದಲೇ. ಲಿಡೋಕೇನ್ ಪ್ಯಾಚ್ ವಿಚಾರದಲ್ಲಿ ಎಚ್ಚರ ಬೇಕು. 5 ಶೇಕಡಾ ಪ್ಯಾಚ್‌ಗೆ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ಇರುವುದು ಸರ್ಪಸುತ್ತಿನ ನಂತರದ ನರನೋವಿಗೆ, ಹಾಗಾಗಿ ಸಾಮಾನ್ಯ ಬೆನ್ನುನೋವಿಗೆ ಬರೆದರೆ ಪಾರ್ಟ್ ಡಿ ಒಪ್ಪುವುದಿಲ್ಲ, ಈ ಖಾತೆಯೂ ಸಲ್ಲದು.

ಮೆಡಿಕೇರ್ ಪ್ರೀಮಿಯಂ, ಕೋ-ಪೇ (ಪ್ರತಿ ಸಲ ನೀವು ಕೊಡುವ ಪಾಲು), ಡಿಡಕ್ಟಿಬಲ್ (ವಿಮೆ ಶುರುವಾಗುವ ಮೊದಲು ನೀವೇ ಕೊಡುವ ಮೊತ್ತ), ವಕೀಲರ ಶುಲ್ಕ, ಖಾತೆ ನೋಡಿಕೊಳ್ಳುವ ವೃತ್ತಿಪರ ಸಂಸ್ಥೆಯ ಶುಲ್ಕ ಯಾವುದನ್ನೂ ಇದರಿಂದ ಕಟ್ಟುವಂತಿಲ್ಲ. ಅಂಚೆ, ಜೆರಾಕ್ಸ್, ಈ ಖಾತೆಯ ಬ್ಯಾಂಕ್ ಶುಲ್ಕ ಇಷ್ಟಕ್ಕೆ ಅಡ್ಡಿಯಿಲ್ಲ. ಊರಿಗೆ ಹೋದಾಗ ಅಗ್ಗವೆಂದು ಭಾರತದಲ್ಲಿ ಔಷಧಿ ಕೊಂಡು ಈ ಖಾತೆಯಿಂದ ಹಣ ತೆಗೆಯುವ ಯೋಚನೆ ಬೇಡ. ಅಮೆರಿಕದ ಹೊರಗೆ ಕೊಂಡ ಔಷಧಿಗೆ ಪಾರ್ಟ್ ಡಿ ಹಣ ಕೊಡುವುದಿಲ್ಲ.

ಗೊತ್ತಿಲ್ಲದೆ ತಪ್ಪು ಖರ್ಚು ಆಗಿಹೋಗಿದ್ದರೆ ಅಷ್ಟೇ ಹಣವನ್ನು ಸ್ವಂತ ಖಾತೆಯಿಂದ ತಂದು ಹಾಕಿ, ಯಾಕೆಂದು ಪುಸ್ತಕದಲ್ಲಿ ಬರೆದಿಡಿ. ಹಾಗೆ ಸರಿಪಡಿಸದಿದ್ದರೆ ಅಷ್ಟು ಮೊತ್ತ ಸರಿಯಾದ ಚಿಕಿತ್ಸೆಗೆ ಖರ್ಚಾಗುವವರೆಗೆ ಮೆಡಿಕೇರ್ ಗಾಯದ ಬಿಲ್‌ಗಳನ್ನು ಒಪ್ಪದು.

ಬೆಲೆ ಇಳಿಸುವುದು

ಎಂಎಸ್‌ಎ ಮೊತ್ತದಲ್ಲಿ ಔಷಧಿಯ ಬೆಲೆಯನ್ನು ಸಗಟು ಬೆಲೆಪಟ್ಟಿಯ ಪ್ರಕಾರ ಹಾಕಿರುತ್ತಾರೆ. ಅಂಗಡಿಯ ಬೆಲೆ ಅದಕ್ಕಿಂತ ಬಹಳ ಕಡಿಮೆಯೂ ಇರಬಹುದು, ಮುಂದೆ ಏರಲೂಬಹುದು. ಒಂದೇ ಜನರಿಕ್ ಮಾತ್ರೆಗೆ ಎರಡು ಬೀದಿ ಆಚೆಯ ಫಾರ್ಮಸಿಯಲ್ಲಿ ಹಲವು ಪಟ್ಟು ವ್ಯತ್ಯಾಸ ಇರುವುದು ಅಮೆರಿಕದಲ್ಲಿ ಮಾಮೂಲು. ಇನ್ಶೂರೆನ್ಸ್ ಇಲ್ಲದ ಬೆಲೆ ಎಷ್ಟು ಎಂದು ಫೋನ್‌ನಲ್ಲೇ ಕೇಳಿ. ಕೇಳುವಾಗ ಔಷಧಿಯ ಹೆಸರಷ್ಟೇ ಸಾಲದು, ಮಾತ್ರೆಯೋ ಕ್ಯಾಪ್ಸೂಲೋ, ಎಷ್ಟು ಮಿಲಿಗ್ರಾಂ, ಎಷ್ಟು ಸಂಖ್ಯೆ ಎಂಬುದನ್ನೂ ಹೇಳಿ. ಗ್ಯಾಬಪೆಂಟಿನ್ 300 ಮಿಲಿಗ್ರಾಂ ಕ್ಯಾಪ್ಸೂಲ್ ದಿನಕ್ಕೆ ಮೂರಾದರೆ ತಿಂಗಳಿಗೆ 90, ಮೂರು ತಿಂಗಳಿಗೆ 270. 270ಕ್ಕೆ ಒಟ್ಟಿಗೆ ಕೇಳಿದ ಬೆಲೆ 90ರ ಬೆಲೆಯ ಮೂರು ಪಟ್ಟಿಗಿಂತ ಸಾಮಾನ್ಯವಾಗಿ ಕಡಿಮೆ. ಗುಡ್‌ಆರ್‌ಎಕ್ಸ್‌ನಂಥ ಡಿಸ್ಕೌಂಟ್ ಕಾರ್ಡ್‌ಗಳನ್ನು ಇಲ್ಲಿ ಧಾರಾಳವಾಗಿ ಬಳಸಬಹುದು, ಏಕೆಂದರೆ ನೀವು ಇನ್ಶೂರೆನ್ಸ್ ಬಳಸುತ್ತಿಲ್ಲ. ಕೆಲವು ಫಾರ್ಮಸಿಗಳು ನಿಯಂತ್ರಿತ ಔಷಧಿಗಳಿಗೆ ಅವನ್ನು ಒಪ್ಪುವುದಿಲ್ಲ. ಕಾಸ್ಟ್‌ಕೋ ಫಾರ್ಮಸಿಯಲ್ಲಿ ಔಷಧಿ ಕೊಳ್ಳಲು ಸದಸ್ಯತ್ವ ಬೇಕಿಲ್ಲ.

ಉಳಿಸಿದ ಹಣ ಖಾತೆಯಲ್ಲೇ ಉಳಿಯುತ್ತದೆ, ಹೀಗಾಗಿ ಈ ಶ್ರಮ ವ್ಯರ್ಥವಲ್ಲ. ವೃತ್ತಿಪರ ನಿರ್ವಹಣಾ ಸಂಸ್ಥೆಗೆ ಖಾತೆ ಒಪ್ಪಿಸುವ ದಾರಿಯೂ ಇದೆ, ಸಿಎಂಎಸ್ ಅದನ್ನೇ ಶಿಫಾರಸು ಮಾಡುತ್ತದೆ. ಅವರು ಕಾರ್ಡ್ ಕೊಡುತ್ತಾರೆ, ರಿಯಾಯಿತಿ ದರ ಕೊಡಿಸುತ್ತಾರೆ, ವಾರ್ಷಿಕ ಲೆಕ್ಕವನ್ನೂ ಕಳಿಸುತ್ತಾರೆ. ದಿನಕ್ಕೆ ಐದಾರು ಔಷಧಿ ಇರುವವರಿಗೆ, ನೋವಿನ ನಡುವೆ ಕಾಗದಪತ್ರ ನೋಡಲಾಗದವರಿಗೆ ಇದೇ ಒಳ್ಳೆಯದು. ಶುಲ್ಕವನ್ನು ಇನ್ಶೂರೆನ್ಸ್ ಕಂಪನಿಯೇ ಕೊಡಬೇಕೆಂದು ಸೆಟ್ಲ್‌ಮೆಂಟ್ ಮಾತುಕತೆಯಲ್ಲೇ ಕೇಳಿ.

ಎಂಎಸ್‌ಎ ಇದೆಯೆಂದು ಪಾರ್ಟ್ ಡಿ ಬಿಡಬೇಡಿ. ಈ ಖಾತೆ ಒಂದು ಗಾಯಕ್ಕೆ ಮಾತ್ರ. ಬೇರೆ ವಿಮೆಯಿಲ್ಲದೆ 63 ದಿನ ಅಥವಾ ಹೆಚ್ಚು ಕಳೆದು ತಡವಾಗಿ ಸೇರಿದರೆ ತಿಂಗಳಿಗೆ 1 ಶೇಕಡಾ ಲೆಕ್ಕದ ದಂಡ ಪ್ರೀಮಿಯಂಗೆ ಸೇರಿಕೊಳ್ಳುತ್ತದೆ. ಪಾರ್ಟ್ ಡಿಯಲ್ಲಿ 2026ಕ್ಕೆ ವರ್ಷಕ್ಕೆ 2,100 ಡಾಲರ್ ಸ್ವಂತ ಖರ್ಚಿನ ಮಿತಿಯಿದೆ, ಆದರೆ ಎಂಎಸ್‌ಎಯಿಂದ ಕೊಟ್ಟ ಹಣ ಆ ಮಿತಿಯ ಲೆಕ್ಕಕ್ಕೆ ಬಾರದು.

ಲೆಕ್ಕ, ಮತ್ತು ಹಣ ಮುಗಿದಾಗ

ಪ್ರತಿ ಖರ್ಚಿಗೂ ಒಂದು ಸಾಲು: ತಾರೀಕು, ಕೊಟ್ಟದ್ದು ಯಾರಿಗೆ, ಔಷಧಿ ಮತ್ತು ಪ್ರಮಾಣ, ಮೊತ್ತ, ಉಳಿಕೆ. ಔಷಧಿ ಹಾಗೂ ಇತರ ಚಿಕಿತ್ಸೆಯ ಮೊತ್ತವನ್ನು ಬೇರೆಬೇರೆ ಕೂಡಿಸಿ. ಫಾರ್ಮಸಿಯ ಉಷ್ಣಕಾಗದದ ರಸೀದಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅಂದೇ ಫೋಟೊ ತೆಗೆದಿಡಿ. ಚೀಲಕ್ಕೆ ಅಂಟಿಸಿರುವ ಔಷಧಿಯ ವಿವರದ ಹಾಳೆಯನ್ನೂ ಇಡಿ, ರಸೀದಿಯಲ್ಲಿ ಅನೇಕ ಸಲ ಔಷಧಿಯ ಹೆಸರೇ ಇರುವುದಿಲ್ಲ. ವರ್ಷ ತುಂಬಿದ 30 ದಿನಗಳೊಳಗೆ, ಹಣವನ್ನು ಸರಿಯಾಗಿ ಬಳಸಿದ್ದೇನೆ ಎಂಬ ಅಟೆಸ್ಟೇಷನ್ (ದೃಢೀಕರಣ ಪತ್ರ) ಅನ್ನು, ಬೇರೆಯವರು ಕೊಡಬೇಕಾದ ಬಿಲ್‌ಗಳ ಲೆಕ್ಕ ನೋಡುವ ಮೆಡಿಕೇರ್‌ನ ಬಿಸಿಆರ್‌ಸಿ ಕೇಂದ್ರಕ್ಕೆ ಅಂಚೆಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಕಳಿಸಬೇಕು. ರಸೀದಿಗಳನ್ನು ಅದರ ಜೊತೆ ಕಳಿಸಬೇಕಿಲ್ಲ, ಕೇಳಿದಾಗ ತೋರಿಸಲು ಇರಬೇಕು.

ಕಂತಿನ ಖಾತೆಯವರಿಗೆ ಒಂದು ಲೆಕ್ಕ. ವರ್ಷಕ್ಕೆ 4,800 ಡಾಲರ್ ಬರುತ್ತದೆ, ಔಷಧಿಗೆ ತಿಂಗಳಿಗೆ 450 ಆಗುತ್ತದೆ ಎಂದುಕೊಳ್ಳಿ. ಹತ್ತು ತಿಂಗಳಿಗೆ 4,500 ಹೋಗಿ 300 ಉಳಿಯುತ್ತದೆ, ಹನ್ನೊಂದನೆಯ ತಿಂಗಳಲ್ಲಿ ಖಾತೆ ಬರಿದು. ಆಗ ತಡಮಾಡದೆ ಬಿಸಿಆರ್‌ಸಿಗೆ ಹಣ ಮುಗಿದಿದೆಯೆಂದು ಬರೆದು ತಿಳಿಸಿದರೆ, ಮುಂದಿನ ಕಂತು ಬರುವವರೆಗೆ ಗಾಯದ ಔಷಧಿಗೂ ಮೆಡಿಕೇರ್ ಮೊದಲ ಪಾವತಿದಾರನಾಗುತ್ತದೆ. ಅದಕ್ಕೆ ನೀವು ಪಾರ್ಟ್ ಡಿಯಲ್ಲಿ ಇರಬೇಕು, ಔಷಧಿ ಆ ಯೋಜನೆಯ ಪಟ್ಟಿಯಲ್ಲಿ ಇರಬೇಕು. ಹೊಸ ಕಂತು ಬಂದ ದಿನದಿಂದ ಮತ್ತೆ ಖಾತೆಯಿಂದಲೇ ಕೊಡಬೇಕು. ಒಂದು ವರ್ಷದ ಉಳಿಕೆ ಮುಂದಿನ ವರ್ಷಕ್ಕೆ ಸೇರುತ್ತದೆ. ಒಂದೇ ಗಂಟಾಗಿ ಹಣ ಪಡೆದವರದು ಮುಗಿದರೆ ಅಲ್ಲಿಂದ ಮುಂದೆ ಪೂರ್ತಿ ಮೆಡಿಕೇರ್. ಖಾತೆ ಬತ್ತಲು ಎರಡು ತಿಂಗಳಿರುವಾಗಲೇ ಪಾರ್ಟ್ ಡಿ ಯೋಜನೆಗೆ ಕರೆ ಮಾಡಿ, ಯಾವ ಔಷಧಿಗೆ ಮುಂಗಡ ಅನುಮತಿ ಬೇಕೆಂದು ಕೇಳಿ ವೈದ್ಯರಿಗೆ ತಿಳಿಸಿ.

ಮೆಡಿಕೇರ್ ಇನ್ನೂ ದೂರವಿರುವವರು

ಎಂಎಸ್‌ಎ ಇಲ್ಲದೆ ಸೆಟ್ಲ್‌ಮೆಂಟ್ ಆದವರು ಖಾಸಗಿ ವಿಮೆ ನೋಡಿಕೊಳ್ಳುತ್ತದೆ ಎಂದು ನಂಬಿ ಕೂರಬಾರದು. ಕಂಪನಿಗಳ ಗುಂಪು ವಿಮೆಯಲ್ಲಿ ಕೆಲಸದ ಗಾಯಕ್ಕೆ ಹೊರಗಿಡುವ ಷರತ್ತು ಸಾಮಾನ್ಯ, ಪಾಲಿಸಿಯ ಆ ಪುಟವನ್ನೇ ಹುಡುಕಿ ಓದಿ. ಗಾಯ ಹೇಗಾಯಿತೆಂಬುದನ್ನು ಮುಚ್ಚಿಟ್ಟು ಕ್ಲೇಮ್ ಮಾಡಬೇಡಿ. ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಆದಾಯಕ್ಕೆ ತಕ್ಕ ದರವಿದೆ, ಬ್ರ್ಯಾಂಡ್ ಔಷಧಿಗಳಿಗೆ ತಯಾರಕರ ನೆರವಿನ ಯೋಜನೆಗಳಿವೆ.

ಕಡಿಮೆ ಆದಾಯದ ವೃದ್ಧರಿಗೂ ಅಂಗವಿಕಲರಿಗೂ ಇರುವ ಎಸ್‌ಎಸ್‌ಐ ಭತ್ಯೆ ಹಾಗೂ ಅದರ ಮೂಲಕ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಪಡೆಯುತ್ತಿರುವವರಿಗೆ ಸಮಸ್ಯೆ ತಿರುಗುಮುರುಗು. ಅಲ್ಲಿ ಒಬ್ಬರ ಆಸ್ತಿಯ ಮಿತಿ 2,000 ಡಾಲರ್, ಆದ್ದರಿಂದ ಸೆಟ್ಲ್‌ಮೆಂಟ್ ಹಣ ಖಾತೆಗೆ ಬಿದ್ದರೆ ಸವಲತ್ತೇ ಹೋಗಬಹುದು. 65 ವರ್ಷದೊಳಗಿನ ಅಂಗವಿಕಲರು, ಆಸ್ತಿಯ ಲೆಕ್ಕಕ್ಕೆ ಬಾರದಂತೆ ಹಣ ಇಡುವ ಸ್ಪೆಷಲ್ ನೀಡ್ಸ್ ಟ್ರಸ್ಟ್ ಮಾಡಿ ಅದರೊಳಗೇ ಎಂಎಸ್‌ಎ ಇಡುವ ವ್ಯವಸ್ಥೆ ಇದೆ. ಇದನ್ನು ಹಣ ಬರುವ ಮೊದಲೇ, ಈ ವಿಷಯ ಬಲ್ಲ ವಕೀಲರಿಂದ ಮಾಡಿಸಬೇಕು.

ಖಾತೆದಾರರು ತೀರಿಕೊಂಡರೆ ಕುಟುಂಬದವರು ತಕ್ಷಣ ಖಾತೆ ಮುಚ್ಚಬಾರದು. ಮೊದಲು ಬಿಸಿಆರ್‌ಸಿಗೆ ತಿಳಿಸಿ, ಬಾಕಿಯಿರುವ ಫಾರ್ಮಸಿ ಹಾಗೂ ಆಸ್ಪತ್ರೆ ಬಿಲ್‌ಗಳನ್ನು ಖಾತೆಯಿಂದ ತೀರಿಸಬೇಕು. ಆಮೇಲೆ ಉಳಿದ ಹಣ ಯಾರಿಗೆಂದು ಸೆಟ್ಲ್‌ಮೆಂಟ್ ಪತ್ರ ಮತ್ತು ರಾಜ್ಯದ ಕಾನೂನು ಹೇಳುತ್ತವೆ. ಕೆಲವು ಒಪ್ಪಂದಗಳಲ್ಲಿ ಅದು ಇನ್ಶೂರೆನ್ಸ್ ಕಂಪನಿಗೆ ವಾಪಸ್ ಹೋಗುವ ಷರತ್ತು ಇರುತ್ತದೆ, ಹಾಗಾಗಿ ಸಹಿ ಹಾಕುವ ಮೊದಲೇ ಆ ಸಾಲನ್ನು ಹುಡುಕಿ, ಹಕ್ಕುದಾರರ ಹೆಸರನ್ನು ಸೇರಿಸಿ ಎಂದು ಕೇಳಿ.